ಹೆಂಚಿನ ಬೆನ್ನ ಮೇಲಿನ ಊರು

ಅರಸೀಕೆರೆಯ ನಮ್ಮ ಹಳೆಯ ಮನೆಯ ಪಡಸಾಲೆಗೆ ಯಾರೇ ಕಾಲಿಡಲಿ, ನಮ್ಮ ಸೋದರತ್ತೆ ಮೊದಲು ಹೇಳುತ್ತಿದ್ದ ಮಾತು ಒಂದೇ: “ಚಪ್ಪಲಿ ಆಚೆ ಬಿಡಿ, ಇದು ಫ್ರಾನ್ಸಿನ ಹೆಂಚು!”

ಹೆಣ್ಣು ನೋಡಲು ಬಂದವರಿಗೂ ಅದೇ ಮಾತು, ಕೊಬ್ಬರಿ ವ್ಯಾಪಾರಕ್ಕೆ ಬಂದವರಿಗೂ ಅದೇ ಮಾತು. ನಾವು ಮಕ್ಕಳು ಆ ನೆಲದ ಮೇಲೆ ಕುಂಟೆಬಿಲ್ಲೆ ಆಡಲು ಹೊರಟರೆ ಅತ್ತೆ ಕೋಲು ಹಿಡಿದು ಬರುತ್ತಿದ್ದರು. ಕೆಂಪು ಬಣ್ಣದ, ಆರು ಮೂಲೆಯ, ಅಂಗೈಗಿಂತ ಸ್ವಲ್ಪ ದೊಡ್ಡ ಹೆಂಚುಗಳು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದರೆ ಬೆನ್ನಿಗೆ ಕೆರೆಯ ನೀರು ತಾಕಿದ ಹಾಗೆ ತಂಪು. ಅಷ್ಟು ದೂರದ ದೇಶದಿಂದ ಹಡಗು ಹತ್ತಿ ಬಂದ ನೆಲದ ಮೇಲೆ ಮಲಗಿದ್ದೇನೆ ಎಂಬ ಹೆಮ್ಮೆ ನನಗೂ ಇತ್ತು. ನಲವತ್ತು ವರ್ಷ ಮೇಷ್ಟರ ಕೆಲಸ ಮಾಡಿದರೂ ಒಂದು ದಿನವಾದರೂ ಆ ಮಾತನ್ನು ನಾನು ಪರೀಕ್ಷೆ ಮಾಡಲಿಲ್ಲ.

ಪರೀಕ್ಷೆ ಮಾಡಿದ್ದು ಮೊಮ್ಮಗಳು ಪುಟ್ಟಿ. ಬೆಂಗಳೂರಿನಲ್ಲಿ ಏಳನೇ ತರಗತಿ. ಈ ಸಲದ ಬೇಸಿಗೆ ರಜೆಗೆ ಬಂದಿದ್ದಳು.

ಮನೆ ಬಿಚ್ಚುವ ಕಾಲ

ಕಳೆದ ಮಳೆಗಾಲದಲ್ಲಿ ಮನೆಯ ಹಿಂಬದಿಯ ಮಣ್ಣಿನ ಗೋಡೆ ಕುಸಿಯಿತು. ಪಡಸಾಲೆಯ ಗೋಡೆಯೂ ಬಿರುಕು ಬಿಟ್ಟಿತು. ಮುಂಗಾರು ಹಿಡಿಯುವ ಮೊದಲು ಹಳೆಯದನ್ನು ಬಿಚ್ಚಿ, ಇರುವ ಜಾಗದಲ್ಲೇ ಚಿಕ್ಕದೊಂದು ಮನೆ ಕಟ್ಟಿಕೊಳ್ಳೋಣ ಎಂದು ನಾನೂ ನನ್ನ ತಮ್ಮನೂ ತೀರ್ಮಾನಿಸಿದೆವು.

ಹಳೆಯ ಮನೆಗಳ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಬೆಂಗಳೂರಿನಿಂದ ಬಂದು ನೋಡಿದರು. ಬಾಗಿಲು, ಕಂಬ, ಸೂರಿನ ಹೆಂಚು ಎಲ್ಲಕ್ಕೂ ಬೆಲೆ ಹೇಳಿದರು. ಪಡಸಾಲೆಯ ನೆಲ ನೋಡುತ್ತಲೇ ತಮ್ಮ ಅತ್ತೆಯ ಮಾತನ್ನೇ ಹೇಳಿದ: “ಇದು ಫ್ರಾನ್ಸಿನದು.” ವ್ಯಾಪಾರಿಯ ಕಣ್ಣು ಅರಳಿತು. “ಫ್ರೆಂಚ್ ಆದರೆ ಒಂದಕ್ಕೆ 200 ರೂಪಾಯಿ ಕೊಡ್ತೀನಿ. ಒಡೆಯದ ಹಾಗೆ ನೀವೇ ಎಬ್ಬಿಸಿಡಿ. ಸೋಮವಾರ ಲಾರಿ ಕಳಿಸ್ತೀನಿ” ಎಂದು ಮುಂಗಡವನ್ನೂ ಕೊಟ್ಟು ಹೋದರು. ತಮ್ಮ ಲೆಕ್ಕ ಹಾಕಿದ. ಸುಮಾರು 400 ಹೆಂಚು ಎಂದರೂ 80,000 ರೂಪಾಯಿ. ಹೊಸ ಬಚ್ಚಲುಮನೆಯ ಖರ್ಚು ನೆಲದಿಂದಲೇ ಹುಟ್ಟುತ್ತದೆ!

ಶುಕ್ರವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಹಳೆಯ ನೆಲ ಎಬ್ಬಿಸುವುದಕ್ಕೆ ತಾಳ್ಮೆ ಬೇಕು. ಸಿಮೆಂಟಿನಲ್ಲಿ ಕೂರಿಸಿದ ಹೆಂಚು ಏಳುವಾಗ ಒಡೆಯುವುದೇ ಹೆಚ್ಚು. ನಮ್ಮದು ಸುಣ್ಣದ ಗಾರೆಯಲ್ಲಿ ಕೂತ ನೆಲ. ಗಾರೆ ಹೆಂಚಿಗಿಂತ ಮೆದು, ಹಾಗಾಗಿ ಹೆಂಚು ಬಿಟ್ಟುಕೊಡುತ್ತದೆ. ಮೂಲೆಯಲ್ಲಿ ಮೊದಲೇ ಒಡೆದಿದ್ದ ಒಂದು ಹೆಂಚನ್ನು ತೆಗೆದು, ಆ ಸಂದಿಯಿಂದ ಚಪ್ಪಟೆ ಉಳಿಯನ್ನು ಪಕ್ಕದ ಹೆಂಚಿನ ಅಡಿಗೆ ತೂರಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಬೇಕು. ಮೇಲಿನಿಂದ ಹೊಡೆದರೆ ಎರಡು ಹೋಳು. ಎಬ್ಬಿಸಿದ್ದನ್ನು ನೀರಿನ ತೊಟ್ಟಿಯಲ್ಲಿ ನೆನೆಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ ಇಡಬೇಕು. ಒಂದರ ಮೇಲೊಂದು ಮಲಗಿಸಿ ಪೇರಿಸಿದರೆ ಕೆಳಗಿನದು ಭಾರಕ್ಕೆ ಬಿರುಕು ಬಿಡುತ್ತದೆ. ಆಸಿಡ್ ಹಾಕಿದರೆ ಬೇಗ ಸ್ವಚ್ಛವಾಗುತ್ತದೆ ಎಂದು ಕೆಲಸದವರು ಹೇಳಿದರು. ನಾನು ಬೇಡವೆಂದೆ. ಆಸಿಡ್ ಹೆಂಚಿನ ಸಣ್ಣ ರಂಧ್ರಗಳೊಳಗೆ ಇಳಿದರೆ ಹೆಂಚಿಗೂ ಕೇಡು, ಕೈಗೂ ಕೇಡು.

ಉಜ್ಜುವ ಕೆಲಸ ಪುಟ್ಟಿಯದು. ಹನ್ನೊಂದು ಗಂಟೆಯ ಹೊತ್ತಿಗೆ ತೊಟ್ಟಿಯ ಹತ್ತಿರದಿಂದ ಕೂಗು ಬಂತು: “ತಾತಾ, ಫ್ರಾನ್ಸಲ್ಲಿ ಮಂಗಳೂರು ಅನ್ನೋ ಊರಿದ್ಯಾ?”

ಬೆನ್ನು ಹೇಳಿದ ನಿಜ

ಹೆಂಚಿನ ಬೆನ್ನಿನ ಮೇಲೆ ಗಾರೆ ಹಿಡಿದುಕೊಳ್ಳಲೆಂದು ಗೀರುಗಳು. ಅವುಗಳ ನಡುವೆ ಉಬ್ಬಿದ ಇಂಗ್ಲಿಷ್ ಅಕ್ಷರಗಳು. ಮೇಲಿನ ಸಾಲು ಸವೆದಿತ್ತು. ಕೆಳಗಿನ ಸಾಲು ಮಾತ್ರ ಸ್ಪಷ್ಟ: ಮಂಗಳೂರು.

ಇನ್ನೊಂದು ತಿರುವಿದೆವು. ಮಂಗಳೂರು. ಮತ್ತೊಂದು. ಮಂಗಳೂರು. ತಮ್ಮನ ಮುಖ ನೋಡಿದೆ. ಅವನು ಏನೂ ಮಾತಾಡಲಿಲ್ಲ.

ಅಷ್ಟರಲ್ಲಿ ಪುಟ್ಟಿ ಅಂಗಳದಲ್ಲಿ ಇಳಿಸಿಟ್ಟಿದ್ದ ಸೂರಿನ ಹೆಂಚುಗಳನ್ನೂ ತಿರುವಿ ನೋಡಲು ಹೊರಟಳು. ಅಲ್ಲಿ ಬರಹ ಪೂರ್ತಿ ಓದಲು ಬರುತ್ತಿತ್ತು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. “ತಾತಾ, ಹಾಗಾದ್ರೆ ನಮ್ಮನೆ 1865ರದು! ನೂರ ಅರವತ್ತು ವರ್ಷದ ಮನೆ!”

“ಹೆಬ್ಬಾಗಿಲ ಮೇಲೆ ಏನು ಕೆತ್ತಿದೆ, ನೋಡಿ ಬಾ” ಎಂದೆ. ಓಡಿಹೋಗಿ ಬಂದಳು. “1912.”

ಎರಡರ ನಡುವೆ 47 ವರ್ಷ ವ್ಯತ್ಯಾಸ. ಹೆಂಚು 47 ವರ್ಷ ಗೋದಾಮಿನಲ್ಲಿ ಕೂತಿತ್ತೇ? ಪುಟ್ಟಿ ಹತ್ತಾರು ಹೆಂಚು ನೋಡಿದಳು. ಎಲ್ಲದರ ಮೇಲೂ 1865. ಕೊನೆಗೆ ಅವಳೇ ಹೇಳಿದಳು: “ಬಿಸ್ಕತ್ ಪೊಟ್ಟಣದ ಮೇಲೆ ಕಂಪನಿ ಶುರುವಾದ ವರ್ಷ ಹಾಕ್ತಾರಲ್ಲ, ಹಾಗಿರಬೇಕು.” ಸರಿಯಾಗಿಯೇ ಹೇಳಿದಳು. 1865 ಎಂಬುದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ನಿಮ್ಮ ಮನೆಯ ಹೆಂಚಿನ ಮೇಲೆ ಆ ಸಂಖ್ಯೆ ಕಂಡರೆ ಮನೆಗೆ ಅಷ್ಟು ವಯಸ್ಸು ಕಟ್ಟಬೇಡಿ.

ಮುದ್ರಣಾಲಯದಿಂದ ಮಣ್ಣಿನವರೆಗೆ

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಒಂದು ನಗರ. ಅಲ್ಲಿನ ಕ್ರೈಸ್ತ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಮುದ್ರಣಾಲಯ ತೆರೆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಟದ್ದು ಈ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರಿಂದ. ಕಿಟ್ಟೆಲ್ ಅವರ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದೂ ಮಂಗಳೂರಿನ ಈ ಮಿಶನ್ನಿನಿಂದಲೇ. ನಮ್ಮ ಶಾಲೆಯ ಕಪಾಟಿನಲ್ಲಿದ್ದ ನಿಘಂಟಿಗೂ ನಮ್ಮ ಮನೆಯ ಸೂರಿಗೂ ತವರು ಒಂದೇ ಎಂದು ನನಗೆ ಗೊತ್ತೇ ಇರಲಿಲ್ಲ.

ಮುದ್ರಣಾಲಯದ ಯಂತ್ರಗಳ ಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನಿಯವರು ಅಲ್ಲಿದ್ದರು. ನೇತ್ರಾವತಿ ದಡದ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಮಿಶನ್ ಸೇರಿದ ಬಡವರಿಗೆ ಹೊಟ್ಟೆಪಾಡಿನ ಕೆಲಸವೂ ಬೇಕಾಗಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಮಣ್ಣನ್ನು ಕಲೆಸಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವ ಕೆಲಸ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂಕಿಯಲ್ಲಿ ಕೆಂಪಾಗುತ್ತದೆ. ಆ ಕೆಂಪು ಬಳಿದ ಬಣ್ಣವಲ್ಲ, ಹಾಗಾಗಿ ಎಷ್ಟು ಸವೆದರೂ ಹೋಗುವುದಿಲ್ಲ. ಸೂರಿನ ಹೆಂಚಷ್ಟೇ ಅಲ್ಲ, ನೆಲದ ಹೆಂಚು, ಸೂರಿನ ಅಡಿಗೆ ಹಾಸುವ ಚಿತ್ತಾರದ ಹೆಂಚು, ಮೂಲೆಹೆಂಚು ಎಲ್ಲವೂ ತಯಾರಾದವು. ಆಮೇಲೆ ಮಂಗಳೂರಿನ ಸ್ಥಳೀಯರೂ ಕಾರ್ಖಾನೆಗಳನ್ನು ತೆರೆದರು. ಮಂಗಳೂರು ಹೆಂಚು ಹಡಗು ಹತ್ತಿ ಬರ್ಮಾ, ಸಿಲೋನ್, ಆಫ್ರಿಕಾಗಳಿಗೂ ಹೋಯಿತು.

ಅದಕ್ಕೆ ಮೊದಲು ನಮ್ಮ ಕಡೆ ಇದ್ದದ್ದು ನಾಡಹೆಂಚು. ಕುಂಬಾರರು ತಿಗರಿಯ ಮೇಲೆ ಕೊಳವೆಯಂತೆ ತಿರುವಿ, ಸೀಳಿ, ಸುಟ್ಟ ಹೆಂಚು. ಚೆಂದವಾದದ್ದೇ, ಆದರೆ ಕೋತಿ ಹಾರಿದರೆ ಜಾರುತ್ತದೆ. ಪ್ರತಿವರ್ಷ ಮಳೆಗೆ ಮೊದಲು ಸೂರು ಹತ್ತಿ ಕೈಯಾಡಿಸಬೇಕು. ಮಂಗಳೂರು ಹೆಂಚಿಗೆ ಅಂಚಿನಲ್ಲಿ ತೋಡು ಮತ್ತು ಏಣು ಇವೆ. ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಮಕ್ಕಳು ಸಾಲಾಗಿ ಕೈ ಕೈ ಹಿಡಿದು ನಿಂತ ಹಾಗೆ. ಗಾಳಿಗೆ ಬಿಡುವುದಿಲ್ಲ, ನೀರನ್ನೂ ಒಳಗೆ ಬಿಡುವುದಿಲ್ಲ.

ಹೀಗೆ ಒಂದಕ್ಕೊಂದು ಹೆಣೆದುಕೊಳ್ಳುವ ಹೆಂಚಿಗೆ 1841ರಲ್ಲಿ ಹಕ್ಕುಪತ್ರ ಪಡೆದವರು ಜಿಲಾರ್ಡೋನಿ ಸೋದರರು. ಅವರ ಊರು ಆಲ್ಟ್‌ಕಿರ್ಶ್. ಪುಟ್ಟಿ ನಕಾಶೆಯಲ್ಲಿ ಹುಡುಕಿದಳು. ಬಾಸೆಲ್‌ನಿಂದ ಹೆಚ್ಚುಕಮ್ಮಿ 30 ಕಿಲೋಮೀಟರ್. ಅರಸೀಕೆರೆಯಿಂದ ಹಾಸನಕ್ಕೆ ಹೋಗುವುದಕ್ಕಿಂತ ಹತ್ತಿರ! ಆ ಊರು ಇರುವ ದೇಶ?

ಫ್ರಾನ್ಸ್.

ನಮ್ಮ ನೆಲದ ಆರು ಮೂಲೆಯ ಹೆಂಚಿನ ಕಥೆಯೂ ಅಂಥದ್ದೇ. ಫ್ರಾನ್ಸಿನ ದಕ್ಷಿಣದ ಪ್ರೊವಾನ್ಸ್ ಸೀಮೆಯಲ್ಲಿ ಇಂಥ ಕೆಂಪು ಹೆಂಚುಗಳಿಗೆ ‘ತೊಮೆತ್’ ಎನ್ನುತ್ತಾರೆ. ಸಾಲೆರ್ನ್ ಎಂಬ ಊರು ಅದಕ್ಕೆ ಹೆಸರುವಾಸಿ. ಹಳೆಯ ಮನೆ ಬಿಚ್ಚಿದಾಗ ಅಲ್ಲಿಯೂ ಅವನ್ನು ಜೋಪಾನವಾಗಿ ಎಬ್ಬಿಸಿ, ಹೊಸ ಮನೆಗೆ ಹಾಸಿಕೊಳ್ಳುತ್ತಾರೆ. ಆರು ಮೂಲೆಯೇ ಏಕೆ? ಎಲ್ಲ ಬದಿಯೂ ಎಲ್ಲ ಮೂಲೆಯೂ ಸಮವಾಗಿರುವ ಆಕೃತಿಗಳಲ್ಲಿ, ಒಂದೇ ಆಕೃತಿಯಿಂದ ಸಂದಿಯಿಲ್ಲದೆ ನೆಲ ತುಂಬಬಲ್ಲವು ಮೂರೇ: ತ್ರಿಕೋನ, ಚೌಕ, ಷಟ್ಕೋನ. ಷಟ್ಕೋನದ ಒಂದೊಂದು ಮೂಲೆ 120 ಡಿಗ್ರಿ. ಮೂರು ಸೇರಿದರೆ 360. ಜೇನುನೊಣಕ್ಕೂ ಈ ಗಣಿತ ಗೊತ್ತು.

ಬೇಲೂರಿಗೆ ಹೊರಟೆವು

ಅಷ್ಟಾದರೂ ನಮ್ಮ ಹೆಂಚು ಫ್ರಾನ್ಸಿನದಲ್ಲ. ವ್ಯಾಪಾರಿ ಬರುವುದು ಸೋಮವಾರ. ತಮ್ಮ ಮೆಲ್ಲಗೆ ಹೇಳಿದ: “ಅಣ್ಣ, ಅವರೇನು ತಿರುಗಿಸಿ ನೋಡಲಿಲ್ಲ. ನಾವೂ ಬೇಕಂತ ಸುಳ್ಳು ಹೇಳಲಿಲ್ಲ.” ಬೇಕೆಂದು ಹೇಳಲಿಲ್ಲ, ನಿಜ. ಈಗ ಗೊತ್ತಾದ ಮೇಲೆ ಸುಮ್ಮನಿದ್ದರೆ ಏನು? ನನ್ನ ಬಾಯಲ್ಲೂ ಉತ್ತರ ಬರಲಿಲ್ಲ. ಪುಟ್ಟಿ ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಳು.

ಇನ್ನೊಂದು ಅಳುಕೂ ಇತ್ತು. ಅತ್ತೆ ಈಗ ಬೇಲೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸು 88. ಮನೆ ಬಿಚ್ಚುವ ಮೊದಲು ಅವರ ಕಿವಿಗೆ ಹಾಕಬೇಕು. ಜೀವಮಾನವೆಲ್ಲ ಹೇಳಿಕೊಂಡು ಬಂದ ಮಾತು ಸುಳ್ಳೆಂದು ಆ ವಯಸ್ಸಿನವರಿಗೆ ಹೇಗೆ ಹೇಳುವುದು?

ಭಾನುವಾರ ಬೆಳಿಗ್ಗೆ ಚೀಲದಲ್ಲಿ ಒಂದು ಹೆಂಚು ಇಟ್ಟುಕೊಂಡು ಮೂವರೂ ಹೊರಟೆವು. ಜಾವಗಲ್ ದಾಟಿ ಹಳೇಬೀಡು ತಲುಪಿದಾಗ ಬಿಸಿಲು ಏರಿತ್ತು. ಹೊಯ್ಸಳರ ರಾಜಧಾನಿ ದೋರಸಮುದ್ರ ಇದೇ. 1121ರ ಸುಮಾರಿಗೆ ಶುರುವಾದ ಹೊಯ್ಸಳೇಶ್ವರ ದೇವಾಲಯದ ಒಳಗೆ, ನುಣುಪಾದ ಕಲ್ಲಿನ ಮೇಲೆ ಕಾಲಿಟ್ಟ ಪುಟ್ಟಿ “ನಮ್ಮ ಪಡಸಾಲೆ ಥರಾನೇ ತಣ್ಣಗಿದೆ” ಎಂದಳು. ಇದು ಬಳಪದ ಕಲ್ಲು. ಭೂಮಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿ. ಜೇಡಿಮಣ್ಣು ಬೆಂಕಿಯಿಂದ ಗಟ್ಟಿಯಾದರೆ ಇದು ಗಾಳಿಯಿಂದ. ಹೊರಗೆ ಅಂಗಳದಲ್ಲಿ ಸಾಲಾಗಿ ಜೋಡಿಸಿಟ್ಟ ಬಿಡಿ ಶಿಲ್ಪಗಳನ್ನು ನೋಡಿ ತಮ್ಮ ಹೇಳಿದ, “ಇವೂ ನಮ್ಮ ಹೆಂಚಿನ ಹಾಗೆ ಮನೆ ಬಿಟ್ಟು ಬಂದವು.”

ಅಲ್ಲಿಂದ ಬೇಲೂರು 16 ಕಿಲೋಮೀಟರ್. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವು. ನಾನು ಎಷ್ಟೋ ಸಲ ಶಾಲೆಯ ಮಕ್ಕಳನ್ನು ಕರೆತಂದು ಮದನಿಕೆಯರನ್ನು ತೋರಿಸಿದ್ದೇನೆ. ಈ ಸಲ ಪುಟ್ಟಿಗೆ ವಿಗ್ರಹ ತೋರಿಸಲಿಲ್ಲ, ವಿಗ್ರಹಗಳ ಕಾಲ ಕೆಳಗಿನ ಪೀಠ ನೋಡೆಂದೆ. ಕೆಲವು ಪೀಠಗಳಲ್ಲಿ ಹಳಗನ್ನಡ ಅಕ್ಷರಗಳಿವೆ. ಶಿಲ್ಪಿಗಳ ಹೆಸರುಗಳು ಅವು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಶಿಕಾರಿಪುರದ ಹತ್ತಿರದ ಬಳ್ಳಿಗಾವೆಯಿಂದ ಇಲ್ಲಿಯವರೆಗೆ ಬಂದು ತಂದೆ ಮಗ ಇಬ್ಬರೂ ಕೆತ್ತಿದರು, ಹೆಸರನ್ನೂ ಬರೆದಿಟ್ಟರು. ಅದರಿಂದಲೇ ಒಂಬತ್ತು ಶತಮಾನವಾದ ಮೇಲೂ ಅವರು ಯಾರೆಂದು ನಮಗೆ ಗೊತ್ತು.

ಪುಟ್ಟಿ ಚೀಲದಿಂದ ಹೆಂಚು ತೆಗೆದು ಬೆನ್ನು ನೋಡಿದಳು. “ಇದ್ರಲ್ಲಿ ಮಾಡಿದವರ ಹೆಸರೇ ಇಲ್ವಲ್ಲ ತಾತ? ಊರು ಮಾತ್ರ ಇದೆ.”

ನಾನು ಸುಮ್ಮನಾದೆ. ನಲವತ್ತು ವರ್ಷದ ಪಾಠದಲ್ಲಿ ಆ ಪ್ರಶ್ನೆಯನ್ನು ನನಗೆ ಯಾವ ಹುಡುಗನೂ ಕೇಳಿರಲಿಲ್ಲ.

ಅತ್ತೆಯ ತೀರ್ಪು

ಅತ್ತೆ ಜಗಲಿಯ ಮೇಲೆ ಕೂತಿದ್ದರು. “ಅಂತೂ ಬಂದ್ಯೇನೋ! ಈ ಮುದುಕಿ ನೆನಪಾಯ್ತಾ?” ಕಾಫಿ ಬಂತು, ಚಕ್ಕುಲಿ ಬಂತು. ಮನೆ ಬಿಚ್ಚುವ ಮಾತು ಕೇಳಿ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಾ ಕೂತರು. ಆಮೇಲೆ “ಗೋಡೆ ಬೀಳೋ ಮನೇಲಿ ಮಕ್ಕಳನ್ನ ಮಲಗಿಸೋಕಾಗುತ್ತಾ? ಬಿಚ್ಚಿ” ಎಂದರು.

ನಾನು ಹೆಂಚನ್ನು ಅವರ ತೊಡೆಯ ಮೇಲಿಟ್ಟು, ತಿರುವಿದೆ. “ಅತ್ತೆ, ಇಲ್ಲಿ ಮಂಗಳೂರು ಅಂತಿದೆ.”

ಕನ್ನಡಕ ಏರಿಸಿ, ಬೆರಳಿನಿಂದ ಒಂದೊಂದೇ ಅಕ್ಷರ ಸವರಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅತ್ತೆ ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟರು!

“ನಮ್ಮಪ್ಪ ಹೇಳ್ತಿದ್ದದ್ದು ‘ಫ್ರೆಂಚ್ ಮಾದರಿ ಹೆಂಚು’ ಅಂತ ಕಣೋ. ಗಾಡಿ ಮೇಲೆ ಘಟ್ಟ ಹತ್ತಿಸ್ಕೊಂಡು ಬಂದ್ರಂತೆ, ಹುಲ್ಲಲ್ಲಿ ಸುತ್ತಿ. ಆ ‘ಮಾದರಿ’ ಅನ್ನೋದು ನಾನೇ ಬಿಟ್ಟೆ. ಹೇಳೋಕೆ ಉದ್ದ ಆಗ್ತಿತ್ತು!”

ನಾವೆಲ್ಲ ನಕ್ಕೆವು. ತಮ್ಮ ಮಾತ್ರ ಕೆಳಗೆ ನೋಡುತ್ತಿದ್ದ. ವ್ಯಾಪಾರಿಯ ವಿಷಯವನ್ನು ಅವನೇ ಬಾಯಿ ಬಿಟ್ಟ. ಅತ್ತೆಯ ನಗು ನಿಂತಿತು.

“ನಾನು ಹೇಳಿದ್ದು ಜಂಬಕ್ಕೆ. ಅದಕ್ಕೆ ಯಾರ ಹತ್ರನೂ ಒಂದು ಕಾಸು ಇಸ್ಕೊಳ್ಳಲಿಲ್ಲ. ನೀವು ದುಡ್ಡಿಗೆ ಹೇಳಬೇಡಿ.”

ಆಗ ಪುಟ್ಟಿ, “ಅಜ್ಜಿ, ಇಲ್ಲೊಂದು ನೋಡಿ” ಎಂದು ಹೆಂಚಿನ ಅಂಚು ತೋರಿಸಿದಳು. ಹಸಿ ಇದ್ದಾಗ ಎತ್ತಿಟ್ಟವರ ಮೂರು ಬೆರಳುಗಳ ಗುರುತು ಅಂಚಿನಲ್ಲಿ ಹಾಗೆಯೇ ಸುಟ್ಟು ನಿಂತಿತ್ತು. ಸಣ್ಣ ಬೆರಳುಗಳು. ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಹೆಂಗಸರೂ ದುಡಿಯುತ್ತಿದ್ದರು. ಅತ್ತೆ ತಮ್ಮ ಬೆರಳುಗಳನ್ನು ಆ ಗುಳಿಗಳಲ್ಲಿ ಇಟ್ಟು ನೋಡಿದರು. ಸರಿಯಾಗಿ ಕೂತವು.

“ಯಾವ ತಾಯಿ ಮಗಳೋ ಏನೋ” ಎಂದರು. “ಅವಳ ಮೇಲೇ ಇಷ್ಟು ವರ್ಷ ಮಲಗಿದ್ದೀನಿ.”

ಸೋಮವಾರ

ಲಾರಿ ಬಂತು. ವ್ಯಾಪಾರಿಗೆ ತಮ್ಮನೇ ಹೆಂಚು ತಿರುವಿ ತೋರಿಸಿದ. ಅವರು ತಲೆಯಾಡಿಸಿದರು. “ಮಂಗಳೂರಿನದಾದರೆ 40 ರೂಪಾಯಿ.” ಕೋಪಿಸಿಕೊಳ್ಳಲಿಲ್ಲ. “ಒಳ್ಳೆಯದೇ ಆಯಿತು. ನಾನು ಇನ್ನೊಬ್ಬರಿಗೆ ಸುಳ್ಳು ಹೇಳೋದು ತಪ್ಪಿತು” ಎಂದರು.

ಒಟ್ಟು 412 ಹೆಂಚುಗಳಲ್ಲಿ 61 ಒಡೆದಿದ್ದವು. ಗಟ್ಟಿಯಾಗಿ ಉಳಿದದ್ದು 351. ನಾವು ಅವನ್ನು ಮಾರಲಿಲ್ಲ. ಬಾಗಿಲು, ಕಂಬ, ಸೂರಿನ ಹೆಂಚು ಲಾರಿ ಹತ್ತಿದವು. ಬಚ್ಚಲುಮನೆ ಸದ್ಯಕ್ಕೆ ಹಳೆಯದೇ ಸಾಕೆಂದು ತಮ್ಮನೇ ಹೇಳಿದ. ಹೊಸ ಮನೆಯ ಎಂಟಡಿ ಹತ್ತಡಿಯ ಕೋಣೆಗೆ ನೆಲದ ಹೆಂಚು ಸಾಕಾಗಿ ಮಿಗುತ್ತದೆ.

ನಿಮ್ಮ ಮನೆಯಲ್ಲೂ ಹಳೆಯ ನೆಲ ಇದ್ದರೆ, ಒಡೆದ ಚೂರೊಂದನ್ನು ಅಜ್ಜ ಅಜ್ಜಿಯ ಜೊತೆ ಕೂತು ಪರೀಕ್ಷಿಸಿ. ಒಡೆದ ಅಂಚು ಒಳಗೂ ಕೆಂಪಾಗಿದ್ದರೆ ಅದು ಸುಟ್ಟ ಮಣ್ಣಿನ ಹೆಂಚಿರಬಹುದು. ಮೇಲೆ ಮಾತ್ರ ತೆಳ್ಳಗೆ ಬಣ್ಣವಿದ್ದು ಕೆಳಗೆ ಬೂದಿಯಾಗಿದ್ದರೆ ಸಿಮೆಂಟಿನ ಹೆಂಚು. ಅದನ್ನು ಸುಡುವುದಿಲ್ಲ, ಒತ್ತಿ ಮಾಡುತ್ತಾರೆ. ಚೂರಿನ ಮೇಲೆ ನಿಂಬೆರಸ ಬಿಡಿ. ಸಿಮೆಂಟಿನದು ಸಣ್ಣಗೆ ನೊರೆಯುತ್ತದೆ, ಮಣ್ಣಿನದು ಸುಮ್ಮನಿರುತ್ತದೆ. ಆದರೆ ಚೂರಿನ ಮೇಲೆ ಮಾತ್ರ, ಹಾಸಿದ ನೆಲದ ಮೇಲೆ ಬೇಡ. ಇಡೀ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ. ‘ಟಣ್’ ಎಂದರೆ ಗಟ್ಟಿ, ಮಂಕಾಗಿ ‘ದಬ್’ ಎಂದರೆ ಎಲ್ಲೋ ಬಿರುಕಿದೆ. ಮತ್ತೆ ಹಾಸುವ ಮೊದಲು ನೀರಿನಲ್ಲಿ ನೆನೆಸಿಡಿ, ಇಲ್ಲವಾದರೆ ಒಣ ಹೆಂಚು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಮುಖ್ಯವಾಗಿ, ಎಬ್ಬಿಸಿದ್ದನ್ನು ಮಾರುವ ಮೊದಲು ತಿರುವಿ ನೋಡಿ.

ರಜೆ ಮುಗಿದು ಪುಟ್ಟಿ ಬೆಂಗಳೂರಿಗೆ ಹೋದಳು. ಹೋಗುವ ಮುಂಚೆ ಗಾರೆ ಕೆಲಸದವರ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದಾಳೆ: ಬೆರಳ ಗುರುತಿನ ಹೆಂಚು ನೆಲಕ್ಕೆ ಬೇಡ, ಬಾಗಿಲ ಪಕ್ಕದ ಗೋಡೆಗೆ, ಬೆನ್ನು ಹೊರಗೆ ಕಾಣುವ ಹಾಗೆ. ಗೃಹಪ್ರವೇಶಕ್ಕೆ ಅತ್ತೆ ಬರುತ್ತಾರೆ. ಬಂದವರಿಗೆಲ್ಲ ಏನು ಹೇಳಬೇಕೆಂದು ಈಗಲೇ ಅಭ್ಯಾಸ ಮಾಡುತ್ತಿದ್ದಾರಂತೆ: “ಚಪ್ಪಲಿ ಆಚೆ ಬಿಡಿ, ಇದು ಫ್ರೆಂಚ್ ಮಾದರಿಯ ಮಂಗಳೂರು ಹೆಂಚು.” ಉದ್ದವಾದರೂ ಪರವಾಗಿಲ್ಲವಂತೆ.